ಕಟ್ಟೆ ಎಷ್ಟಾಯಿತು?

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಮಂಡ್ಯದಲ್ಲಿ ಕುಶಲ ವಿಚಾರಿಸುವ ಕ್ರಮವೇ ಬದಲಾಗುತ್ತದೆ. 'ಚೆನ್ನಾಗಿದ್ದೀರಾ' ಎನ್ನುವುದು ಹಿಂದೆ ಸರಿದು 'ಕಟ್ಟೆ ಎಷ್ಟಾಯಿತು?' ಎನ್ನುವುದು ಮುಂದೆ ಬರುತ್ತದೆ. ಕಟ್ಟೆ ಎಂದರೆ ಕಾವೇರಿಗೆ ಕಟ್ಟಿದ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್. ಬೇರೆ ಕಟ್ಟೆಗಳನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉತ್ತರವನ್ನು ಅಡಿಗಳಲ್ಲಿ ಹೇಳಬೇಕು, ದಶಮಾಂಶ ಬಿಡಕೂಡದು. ಮಗನ ಎಸ್ಸೆಸ್ಸೆಲ್ಸಿ ಅಂಕ ಮರೆತವನಿಗೂ ಕಟ್ಟೆ ತುಂಬುವ ಮಟ್ಟ 124.80 ಬಾಯಿಪಾಠ. ಒಳಹರಿವು, ಹೊರಹರಿವು, ಕ್ಯೂಸೆಕ್, ಟಿಎಂಸಿ ಎಂದು ಶುರುವಾದರೆ ಚಹಾ ಅಂಗಡಿಯ ಬೆಂಚು ಎಂಜಿನಿಯರನನ್ನೇ ತಿದ್ದಬಲ್ಲದು.

ಆ ನೀರು ಹೇಗಿದೆ ಎಂದು ಮಾತ್ರ ಕೇಳಬೇಡಿ. ಆಸ್ತಿ ಪಾಲಿಗೆ ಕುಳಿತ ಮಕ್ಕಳಿಗೆ ತಾಯಿಯ ಕೊರಳಿನ ಸರ ಎಷ್ಟು ಗ್ರಾಂ ಎಂಬುದು ಗೊತ್ತಿರುತ್ತದೆ. ಅವಳ ಕೆಮ್ಮು ಎಷ್ಟು ದಿನದ್ದು ಎಂಬುದು ಗೊತ್ತಿರುವುದಿಲ್ಲ.

ಕಟ್ಟೆ ತುಂಬಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುತ್ತಾರೆ. ಅಲ್ಲಿಂದ ಸ್ವಲ್ಪ ಕೆಳಗೆ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಪ್ರಜೆಗಳ ಬಾಗಿನ ವರ್ಷವಿಡೀ ನಡೆಯುತ್ತದೆ: ಸತ್ತವರ ಅಂಗಿ, ಕಂಬಳಿ, ಚಾಪೆ, ಅಸ್ಥಿಯನ್ನು ತಂದ ಮಡಕೆ, ಆ ಮಡಕೆಯನ್ನು ತಂದ ಪ್ಲಾಸ್ಟಿಕ್ ಚೀಲ. ನದಿ ಅಲ್ಲಿ ಪಶ್ಚಿಮಕ್ಕೆ ತಿರುಗುವುದು ಪುಣ್ಯದ ಕುರುಹಂತೆ. ನನಗಂತೂ ಅವಳು ಮುಖ ತಿರುಗಿಸಿಕೊಂಡಂತೆಯೇ ಕಾಣುತ್ತದೆ. ಅತ್ತ ನಂಜನಗೂಡಿನಲ್ಲಿ ಕಪಿಲೆಯಲ್ಲಿ ಮುಳುಗಿ, ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟರೆ ದೋಷ ಕಳೆಯುತ್ತದೆಂದು ನಂಬಿದವರಿದ್ದಾರೆ. ದೋಷ ಕಳೆಯುವುದಿಲ್ಲ ಸ್ವಾಮಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ.

ಸರ್ಕಾರ ಕೈಕಟ್ಟಿ ಕುಳಿತಿದೆ ಎನ್ನುವಂತಿಲ್ಲ. ನದಿಗೆ ಪರೀಕ್ಷೆ ಇಟ್ಟಿದೆ. 1974ರಲ್ಲಿ ಜಲಮಾಲಿನ್ಯ ತಡೆಗೆ ಕಾಯ್ದೆ ಬಂತು, ಮಂಡಳಿಗಳು ಬಂದವು, ನೀರಿಗೆ ಎ, ಬಿ, ಸಿ, ಡಿ, ಇ ಎಂಬ ದರ್ಜೆಗಳೂ ಬಂದವು. ರೋಗಾಣು ಕೊಲ್ಲುವ ಔಷಧ ಹಾಕಿ ನೇರ ಕುಡಿಯಬಹುದಾದರೆ ಎ, ಮೀಯುವಂತಿದ್ದರೆ ಬಿ, ಸಂಸ್ಕರಿಸಿ ಕುಡಿಯುವುದಾದರೆ ಸಿ, ಮೀನು ಬದುಕುವುದಾದರೆ ಡಿ. ಎ ದರ್ಜೆಗೆ ಲೀಟರಿಗೆ 6 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು. ಸಿ, ಡಿಗಳಿಗೆ 4 ಸಾಕು. ಇ ದರ್ಜೆ ನೀರಾವರಿಗೆ, ಕಾರ್ಖಾನೆಯ ಯಂತ್ರ ತಣಿಸುವುದಕ್ಕೆ, 'ನಿಯಂತ್ರಿತ ತ್ಯಾಜ್ಯ ವಿಲೇವಾರಿ'ಗೆ. ಅಲ್ಲಿ ಆಮ್ಲಜನಕದ ಪ್ರಶ್ನೆಯನ್ನೇ ಕೇಳುವುದಿಲ್ಲ. ಇನ್ನೂ ಕೆಳಗೆ ಜಾರಿದ ನೀರಿಗೆ 'ಇ ದರ್ಜೆಗಿಂತ ಕೆಳಗೆ' ಎಂದು ಬರೆಯುತ್ತಾರೆಯೇ ಹೊರತು ನಪಾಸು ಎಂಬ ಕಟು ಮಾತನ್ನು ಆಡುವುದಿಲ್ಲ. ಇಷ್ಟು ಕರುಣೆಯ ಮೇಷ್ಟರು ನನಗೆ ಸಿಕ್ಕಿದ್ದರೆ ನಾನು ಇಂದು ಅಂಕಣ ಬರೆದುಕೊಂಡು ಇರುತ್ತಿರಲಿಲ್ಲ. ಇದರಲ್ಲಿ ಒಂದು ವಿಶೇಷವಿದೆ: ಕೊಳಕು ಮಾಡಿದ್ದು ಊರು, ಪರೀಕ್ಷೆಗೆ ಕೂರುವುದು ಹೊಳೆ.

ಇನ್ನು ಬೆಂಗಳೂರಿನ ಸಂಗತಿ. ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಹತ್ತಿಸಿ ರಾಜಧಾನಿಗೆ ಕಳುಹಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರಿಗೆ ದಾರಿಯಾಯಿತು. ಹತ್ತುವಾಗ ಪಂಪು, ಕರೆಂಟು, ಹಾರ, ಭಾಷಣ. ಇಳಿಯುವಾಗ ಇದಾವುದರ ಖರ್ಚೂ ಇಲ್ಲ. ಮಿಂದು, ತೊಳೆದು ಬಿಟ್ಟ ನೀರಿನ ಒಂದು ಪಾಲು ವೃಷಭಾವತಿಯಾಗಿ ನೊರೆ ಕಾರುತ್ತಾ ಬೈರಮಂಗಲದ ಕೆರೆ ಹೊಕ್ಕು, ಅರ್ಕಾವತಿಯನ್ನು ಕೂಡಿ, ಕನಕಪುರದಾಚೆಯ ಸಂಗಮದಲ್ಲಿ ಮರಳಿ ಕಾವೇರಿಯ ಮಡಿಲಿಗೆ ಬೀಳುತ್ತದೆ. ಮಡಿಲು ತುಂಬಿ ಕಳುಹಿಸಿದ ಮಗಳು ಕೊಳೆಬಟ್ಟೆಯ ಗಂಟು ಹೊತ್ತು ತವರಿಗೆ ಬಂದ ಹಾಗೆ.

ಆದರೆ ಲೆಕ್ಕದ ಸೊಗಸು ಇರುವುದೇ ಇಲ್ಲಿ. ಸಂಗಮದ ಕೆಳಗೆ ಬಿಳಿಗುಂಡ್ಲು. ಸುಪ್ರೀಂ ಕೋರ್ಟು 2018ರಲ್ಲಿ ತಮಿಳುನಾಡಿಗೆ ಕೊಡಬೇಕೆಂದ 177.25 ಟಿಎಂಸಿಯನ್ನು ಅಳೆಯುವುದು ಅಲ್ಲಿಯೇ. ವೃಷಭಾವತಿಯ ನೊರೆಯೂ ಆ ಅಳತೆಯೊಳಗೆ ಕೂಡಿಕೊಂಡು ಗಡಿ ದಾಟುತ್ತದೆ. ತಿಳಿನೀರು ಬಿಟ್ಟ ದಿನ ಮೈಸೂರು ರಸ್ತೆ ಬಂದ್ ಮಾಡುವ ನಾವು, ಈ ಕೊಳಚೆಯ ವಿಷಯದಲ್ಲಿ ಮಹಾ ಉದಾರಿಗಳು. ಅದನ್ನು ಒಂದು ಹನಿಯೂ ಬಿಡೆವು ಎಂದು ಯಾವ ಪಕ್ಷವೂ ಈವರೆಗೆ ಟೈರು ಸುಟ್ಟಿಲ್ಲ.

ಕಳೆದ ಸಲ ಮಂಡ್ಯದಲ್ಲಿ ವಿಶ್ವೇಶ್ವರಯ್ಯನವರ ಪ್ರತಿಮೆಯ ಬಳಿ ಧರಣಿ ನಡೆದಾಗ ನಾನೂ ಶಾಮಿಯಾನದಡಿ ಕುಳಿತಿದ್ದೆ. ಹಸಿರು ಶಾಲಿನ ಹಿರಿಯರೊಬ್ಬರು ಗಂಟಲು ಹರಿಯುವಂತೆ ಕೂಗಿ ಸುಸ್ತಾಗಿ, ಯಾರೋ ಹಂಚಿದ ಬಾಟಲಿಯ ಮುಚ್ಚಳ ತಿರುಗಿಸಿದರು.

"ಯಜಮಾನರೇ, ಇದು ಕಾವೇರಿ ನೀರೇ?" ಎಂದೆ.

ಅವರು ನನ್ನನ್ನು ತಲೆಕೆಟ್ಟವನೆಂಬಂತೆ ನೋಡಿದರು. "ಬಾಟಲಿ ನೀರಪ್ಪ. ಹೊಳೆ ನೀರನ್ನು ಯಾರಾದರೂ ಕುಡಿಯುತ್ತಾರೆಯೇ?" ಎಂದವರೇ ಬಾಯಿ ಒರೆಸಿಕೊಂಡು ಮುಷ್ಟಿ ಎತ್ತಿದರು: "ರಕ್ತ ಕೊಟ್ಟೇವು, ನೀರು ಕೊಡೆವು!"