ಏಳು ತಲೆಯ ಮೃಗ ದಕ್ಕೆಗೆ ಬಂದರೆ

2025ರ ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. 23ಕ್ಕೆ ಲೋಕಾಂತ್ಯ, ಯೇಸು ಬಂದು ಭಕ್ತರನ್ನು ಮೇಲೆ ಎತ್ತಿಕೊಳ್ಳುತ್ತಾನೆ ಅಂತ ಭವಿಷ್ಯವಾಣಿ. ಹಾಗಾಗಿ ಮೇಲೆ ಹೋಗುವವರಿಗೆ ಕಾರು ಯಾಕೆ ಅಂತ 20ನೇ ತಾರೀಕಿಗೇ ಮಾರಿದವರು ಯಾರಾದರೂ ನಮ್ಮಲ್ಲಿದ್ದರೆ, ಅವರಿಗೆ ಒಳ್ಳೇ ರೇಟು ಸಿಕ್ಕಿರುತ್ತದೆ. ಎರಡು ದಿನ ತಡೆದಿದ್ದರೆ ಸೆಕೆಂಡ್ ಹ್ಯಾಂಡ್ ಬೆಲೆ ಬಿದ್ದೇ ಹೋಗುತ್ತಿತ್ತು. ಆ ಸಲದ ಭವಿಷ್ಯವಾಣಿಯಿಂದ ಆದ ಉಪಕಾರ ಇಷ್ಟೇ ಅಂತ ಕಾಣುತ್ತದೆ.

ಕತೆ ನಿಮಗೆ ಗೊತ್ತೇ ಉಂಟು. ದಕ್ಷಿಣ ಆಫ್ರಿಕಾದ ಒಬ್ಬರಿಗೆ ಯೇಸು ಕಾಣಿಸಿಕೊಂಡು ತಾರೀಕು ಹೇಳಿದರಂತೆ, ಅವರು ಅದನ್ನು ಯೂಟ್ಯೂಬಿನಲ್ಲಿ ಹೇಳಿದರು, ಅಲ್ಲಿಂದ ಅದು ಟಿಕ್‌ಟಾಕಿಗೆ ಹಾರಿತು, ಅಮೆರಿಕದಲ್ಲಿ ಜನ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ತಲೆಬಿಸಿ ಮಾಡಿಕೊಂಡರು. ನಮ್ಮಲ್ಲಿ ಟಿಕ್‌ಟಾಕ್ 2020ರಿಂದ ಬಂದ್. ಆದರೆ ಲೋಕ ಮುಗಿಯುವ ಸುದ್ದಿ ಅಷ್ಟಕ್ಕೆಲ್ಲ ನಿಲ್ಲುತ್ತದಾ? ವಾಟ್ಸಾಪ್ ಉಂಟಲ್ಲ, ವಾಟ್ಸಾಪಿನಲ್ಲಿ ನಮ್ಮ ಮಾಮ ಇದ್ದಾರಲ್ಲ.

ಮಾಮ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಬಾಸೆಲ್ ಮಿಶನ್ನಿನ ಹಳೇ ಕ್ರೈಸ್ತ ಮನೆತನ, ಭಾನುವಾರ ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಿವೃತ್ತಿ ಆದ ಮೇಲೆ ಎಣಿಸಲು ನೋಟಿಲ್ಲ, ಹಾಗಾಗಿ ಬೈಬಲಿನ ಕಡೇ ಪುಸ್ತಕ ಪ್ರಕಟನೆಯ ಅಂಕೆ ಎಣಿಸುತ್ತಾರೆ. ಆ ವಾರ ನಮ್ಮ ಕುಟುಂಬದ ಗ್ರೂಪಿಗೆ ಅವರು ಹತ್ತು ನಿಮಿಷದ ಅಂತರದಲ್ಲಿ ಎರಡು ಮೆಸೇಜ್ ಹಾಕಿದರು. ಮೊದಲನೆಯದು, 23ಕ್ಕೆ ನಾವೆಲ್ಲ ಮೋಡಕ್ಕೆ ಎತ್ತಲ್ಪಡುತ್ತೇವೆ, ಸಿದ್ಧರಾಗಿರಿ. ಎರಡನೆಯದು, ಸರಕಾರದ ಜಾತಿ ಸಮೀಕ್ಷೆಯವರು ಬಂದರೆ ಉಪಜಾತಿ ಕಾಲಂನಲ್ಲಿ ಏನು ಬರೆಸಬೇಕು, ಏನು ಬರೆಸಬಾರದು. ನಾಳೆ ಮೋಡದ ಮೇಲೆ ಇರುವವರಿಗೆ ಇವತ್ತು ಉಪಜಾತಿ ಬೇಕು ಮಾರಾಯ್ರೆ!

ಸಮೀಕ್ಷೆಗೆ ಅಂತ ಕರೆಂಟಿನವರು ಬಾಗಿಲಿಗೆ ಒಂದು ನಂಬರಿನ ಸ್ಟಿಕರ್ ಅಂಟಿಸಿ ಹೋಗಿದ್ದರು. ಮಾಮ ಕನ್ನಡಕ ಹಾಕಿಕೊಂಡು ಅದರಲ್ಲಿ ಮೂರು ಆರು, ಅಂದರೆ ಪ್ರಕಟನೆಯಲ್ಲಿ ಹೇಳಿದ ಕೆಟ್ಟ ಮೃಗದ ಅಂಕೆ 666, ಉಂಟಾ ಅಂತ ಹುಡುಕಿದರು. ಎರಡೇ ಇತ್ತು. ಒಂದು ಒಂಬತ್ತೂ ಇತ್ತು. ಅದನ್ನು ತಿರುಗಿಸಿ ಓದಿದರೆ ಎಂತ ಆಗುತ್ತದೆ ಅಂತ ಯೋಚಿಸುತ್ತಾ ನಿಂತಿದ್ದಾಗ ಅತ್ತೆ ಒಳಗಿಂದ ಬೈದರು.

ಈ ಮೃಗದ ಗುರುತಿನ ವಿಷಯದಲ್ಲಿ ಮಾಮನ ದಾಖಲೆ ದೊಡ್ಡದು. ಗುರುತಿಲ್ಲದವರಿಗೆ ಕೊಳ್ಳಲೂ ಆಗದು, ಮಾರಲೂ ಆಗದು ಅಂತ ಪ್ರಕಟನೆ 13ರಲ್ಲಿ ಉಂಟು. ಆಧಾರ್ ಬಂದಾಗ ಅದೇ ಗುರುತು ಅಂದರು, ಆಮೇಲೆ ಗ್ಯಾಸ್ ಸಬ್ಸಿಡಿಗೆ ಬೇಕು ಅಂತ ಮಾಡಿಸಿದರು. ಕೊರೊನಾ ಲಸಿಕೆ ಬಂದಾಗ ಅದೇ ಗುರುತು ಅಂದರು, ಮಗಳ ಬಾಣಂತನಕ್ಕೆ ದುಬೈಗೆ ಹೋಗಬೇಕಿತ್ತು, ಎರಡು ಡೋಸ್ ತೆಗೆದುಕೊಂಡರು. ಕ್ಯೂಆರ್ ಕೋಡ್ ಅಂತೂ ಅಪ್ಪಟ ಗುರುತು. ಈಗ ಅವರು ಬುಧವಾರ ಸಂಜೆ ಹೋಗುವ ಪ್ರಾರ್ಥನಾ ಕೂಟದಲ್ಲಿ, ಕಡೇ ದಿನಗಳ ಬಗ್ಗೆ ಗಂಟಲು ಹರಿಯುವ ಹಾಗೆ ಪ್ರಸಂಗ ಆಗುತ್ತದೆ, ಆಮೇಲೆ ಕಾಣಿಕೆ ಡಬ್ಬಿ ಬರುತ್ತದೆ, ಡಬ್ಬಿಯ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಸ್ಕ್ಯಾನ್ ಮಾಡಿದರೆ ಸ್ಪೀಕರಿನ ಪೆಟ್ಟಿಗೆ ಎಷ್ಟು ಬಂತು ಅಂತ ಕೂಗಿ ಹೇಳುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಇದ್ದದ್ದು ಈಗ ಇಡೀ ಹಾಲಿಗೇ ತಿಳಿಯುತ್ತದೆ.

ಲೆಕ್ಕ ಮಾತ್ರ ಸುಮ್ನೆ ಆಗುವ ಕೆಲಸ ಅಲ್ಲ, ಅದನ್ನು ಮೆಚ್ಚಲೇಬೇಕು. ಜರ್ಮನಿಯಲ್ಲಿ ಮಿಖಾಯೆಲ್ ಸ್ಟಿಫೆಲ್ ಅಂತ ಒಬ್ಬ ಪಾದ್ರಿ ಇದ್ದರು, ಪೋಪರ ವಿರುದ್ಧ ಎದ್ದ ಮಾರ್ಟಿನ್ ಲೂಥರನ ದೋಸ್ತಿ, ನಿಜವಾಗಿಯೂ ದೊಡ್ಡ ಗಣಿತಜ್ಞ. ಪೋಪ್ ಹತ್ತನೇ ಲಿಯೋನ ಲ್ಯಾಟಿನ್ ಹೆಸರಿನಿಂದ ರೋಮನ್ ಅಂಕೆಯ ಅಕ್ಷರಗಳನ್ನು ಹೆಕ್ಕಿ ಕೂಡಿಸಿದರು. 1656 ಬಂತು. ಬೇಕಾದದ್ದು 666. ಸಾವಿರ ಜಾಸ್ತಿ ಆಯ್ತಲ್ಲ, ಆ ಅಕ್ಷರ ರಹಸ್ಯದ ಗುರುತು ಅಂತ ಹೇಳಿ ಬಿಟ್ಟರು. ಹತ್ತು ಕಡಿಮೆ ಬಂತಲ್ಲ, ಹೇಗೂ ಹತ್ತನೇ ಲಿಯೋ ಅಲ್ವಾ, ಹತ್ತು ಸೇರಿಸಿದರು. ಟ್ಯಾಲಿ! ಮಾಮನ ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ಹೀಗೆ ಟ್ಯಾಲಿ ಮಾಡಿದ್ದರೆ ಮರುದಿನವೇ ಸಸ್ಪೆಂಡ್. ಇದೇ ಸ್ಟಿಫೆಲ್ 1533ರ ಅಕ್ಟೋಬರ್ 19ರಂದು ಬೆಳಿಗ್ಗೆ ಎಂಟು ಗಂಟೆಗೆ ಲೋಕ ಮುಗಿಯುತ್ತದೆ ಅಂತ ಹೇಳಿದರು. ಗಂಟೆ ಸಮೇತ. ನಮ್ಮಲ್ಲಿ ಬಸ್ಸಿನವರೂ ಅಷ್ಟು ಧೈರ್ಯ ಮಾಡುವುದಿಲ್ಲ. ಒಂಬತ್ತು ಗಂಟೆಯೂ ಆಯಿತು, ಪಾದ್ರಿಯನ್ನು ಹಿಡಿದು ಒಳಗೆ ಹಾಕಿದರು.

ಅಮೆರಿಕದ ವಿಲಿಯಂ ಮಿಲ್ಲರ್ ರೈತ. ಬೈಬಲಿನ ದಾನಿಯೇಲ ಪುಸ್ತಕದ 2300 ದಿನಗಳನ್ನು 2300 ವರ್ಷ ಮಾಡಿ, ಕ್ರಿಸ್ತಪೂರ್ವ 457ರಿಂದ ಎಣಿಸಿ 1843ಕ್ಕೆ ಬಂದು ನಿಂತರು. ಆ ವರ್ಷ ಏನೂ ಆಗಲಿಲ್ಲ. ಆಗ ಯಾರಿಗೋ ನೆನಪಾಯಿತು, ಕ್ರಿಸ್ತಪೂರ್ವಕ್ಕೂ ಕ್ರಿಸ್ತಶಕಕ್ಕೂ ನಡುವೆ ಸೊನ್ನೆ ವರ್ಷ ಇಲ್ಲ, ಒಂದು ವರ್ಷ ಮುಂದೆ ಹಾಕಬೇಕು. 1844ರ ಅಕ್ಟೋಬರ್ 22 ಅಂತ ಆಯಿತು. ಸೊನ್ನೆ ಕೊಟ್ಟವರು ನಾವು ಅಂತ ಎದೆ ತಟ್ಟಿಕೊಳ್ಳುವವರು ಗಮನಿಸಿ, ಸೊನ್ನೆ ಇಲ್ಲದ್ದರಿಂದ ಲೋಕಕ್ಕೆ ಒಂದು ವರ್ಷ ಜಾಸ್ತಿ ಸಿಕ್ಕಿತು.

1843 ಅಂದಾಗ ನನಗೆ ಬೇರೆಯೇ ಒಂದು ನೆನಪಾಗುತ್ತದೆ, ಸ್ವಲ್ಪ ದಾರಿ ತಪ್ಪುತ್ತೇನೆ. ಮಿಲ್ಲರ್ ಕಡೆಯವರು ಆಕಾಶ ನೋಡುತ್ತಾ ಕೂತಿದ್ದ ಅದೇ ವರ್ಷ ಜುಲೈ 1ಕ್ಕೆ ನಮ್ಮ ಮಂಗಳೂರಿನಲ್ಲಿ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಇನ್ನೂ ತಮಾಷೆ ಉಂಟು. ಮೊಗ್ಲಿಂಗ್ ಹುಟ್ಟಿದ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ಬೆಂಗೆಲ್ ಅಂತ ಒಬ್ಬ ದೊಡ್ಡ ಪಂಡಿತರು ಹಿಂದಿನ ಶತಮಾನದಲ್ಲೇ ಎಲ್ಲ ಲೆಕ್ಕ ಹಾಕಿ, 1836ಕ್ಕೆ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಶುರು ಅಂತ ಬರೆದಿಟ್ಟಿದ್ದರು. ಆ 1836ರಲ್ಲಿ ಮೊಗ್ಲಿಂಗ್ ಎಂತ ಮಾಡಿದರು? ಹಡಗು ಹತ್ತಿ ಮಂಗಳೂರಿಗೆ ಬಂದಿಳಿದರು. ಕನ್ನಡ ಕಲಿತರು, ಶಾಲೆ ನಡೆಸಿದರು. ಅವರ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಲೋಕ ನಾಡಿದ್ದು ಮುಗಿಯುತ್ತದೆ ಅಂತ ನಂಬಿದವರು ಯಾರಾದರೂ ಹಂಚು ಸುಡುತ್ತಾರಾ? ಮಾಮನ ಮನೆಯ ಮಾಡಿಗೆ ಈಗಲೂ ಅದೇ ಹಂಚು. ಅದರ ಅಡಿಯಲ್ಲಿ ಕೂತು ಅವರು ಲೋಕ ಮುಗಿಯುವ ತಾರೀಕು ಹುಡುಕುತ್ತಾರೆ, ಸೋರುವುದಿಲ್ಲ.

ಇನ್ನು ‘ಬರೋಣ’. ಯೇಸು ಮತ್ತೆ ಬರುವುದಕ್ಕೆ ಕನ್ನಡ ಕ್ರೈಸ್ತರು ಎರಡನೇ ಬರೋಣ ಅನ್ನುತ್ತಾರೆ. ಘಟ್ಟದ ಮೇಲಿನ ನನ್ನ ಗೆಳೆಯನೊಬ್ಬ ಒಂದು ಗೋಡೆಯ ಮೇಲೆ ‘ಕರ್ತನ ಬರೋಣ ಸಮೀಪ’ ಅಂತ ಓದಿ, ‘ಎಲ್ಲಿಗೆ ಬರೋಣ, ಯಾರ್ಯಾರು ಬರೋಣ?’ ಅಂತ ಕೇಳಿದ್ದ. ನಾನು ಆವತ್ತು ನಕ್ಕಿದ್ದೆ. ಈಗ ನೋಡಿದರೆ ಪ್ರಶ್ನೆ ಸರಿಯಾಗಿಯೇ ಇತ್ತು.

ಬರೀ ನಮ್ಮವರನ್ನೇ ಯಾಕೆ ಬೈಯುವುದು, ಇದರಲ್ಲಿ ಸರ್ವಧರ್ಮ ಸಮನ್ವಯ ಉಂಟು. 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟ ಅಂತ ದೇಶವಿಡೀ ಹೋಮ ಮಾಡಿದ್ದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. 2012ರ ಡಿಸೆಂಬರಿನಲ್ಲಿ ಮಾಯನ್ ಕ್ಯಾಲೆಂಡರ್ ಅಂತ ಟಿವಿಯವರು ಒಂದು ತಿಂಗಳು ಹೊಟ್ಟೆ ಹೊರೆದರು. ಆದರೂ ಕಲಿಯುಗದವರು ಬುದ್ಧಿವಂತರು. ಒಟ್ಟು 4,32,000 ವರ್ಷ, ಕಳೆದದ್ದು ಐದು ಸಾವಿರ ಚಿಲ್ಲರೆ. ತಾರೀಕು ತಪ್ಪಿತು ಅಂತ ಯಾರೂ ಕಾಲರ್ ಹಿಡಿಯುವ ಹಾಗಿಲ್ಲ. ನಮ್ಮ ಊರಿನ ಮಟ್ಟಿಗೆ ಹೇಳುವುದಾದರೆ, ಲೋಕಾಂತ್ಯಕ್ಕೆ ನನಗೆ ಗೊತ್ತಿದ್ದ ಗಟ್ಟಿ ಗುರುತು ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಒಂದೇ. ಅದು ಮುಗಿಯುವುದಿಲ್ಲ, ಮುಗಿದರೆ ಲೋಕ ಉಳಿಯುವುದಿಲ್ಲ ಅಂತ ನಾವು ಹತ್ತು ವರ್ಷ ತಮಾಷೆ ಮಾಡಿದೆವು. 2020ರ ಜನವರಿ 31ಕ್ಕೆ ಅದು ತೆರೆಯಿತು. ಮಾರ್ಚಿನಲ್ಲಿ ಇಡೀ ದೇಶ ಬಂದ್! ಇಷ್ಟು ಕರೆಕ್ಟಾಗಿ ದಾನಿಯೇಲನಿಂದ ಲೆಕ್ಕ ತೆಗೆದವರು ಒಬ್ಬರನ್ನು ತೋರಿಸಿ.

ಮತ್ತೆ ಆ ಮೃಗ. ಸಮುದ್ರದಿಂದ ಏರಿ ಬರುತ್ತದೆ, ಏಳು ತಲೆ, ಹತ್ತು ಕೊಂಬು. ಮಾಮ ಸಮುದ್ರ ಅಂದರೆ ಯುರೋಪ್ ಅನ್ನುತ್ತಾರೆ. ಸಮುದ್ರ ಅಂದರೆ ಸಮುದ್ರ ಅಂತ ನನ್ನ ವಾದ, ನಮಗೆ ಹೇಗೂ ಒಂದು ಉಂಟಲ್ಲ. ಬರಲಿ, ಬೆಳಗ್ಗಿನ ಜಾವ ಬಂದರಿನ ದಕ್ಕೆಗೇ, ಮೀನಿನ ದೋಣಿ ನಿಲ್ಲುವ ಕಟ್ಟೆಗೇ ಬರಲಿ. ಬುಟ್ಟಿ ಹಿಡಿದ ಹೆಂಗಸರು ಅದನ್ನು ಕಣ್ಣೆತ್ತಿ ನೋಡುವ ಮೊದಲೇ ಏಲಂ ಶುರುವಾಗಿರುತ್ತದೆ. ತಲೆ ಬೇರೆ, ಮೈ ಬೇರೆ. ತಲೆ ಏಳು ಇದ್ದರೆ ಸಾರು ಮಾಡ್ಲಿಕ್ಕೆ ಒಳ್ಳೇದಾಯ್ತು.

ನಗು ಇಷ್ಟಕ್ಕೆ ಸಾಕು.

ನನಗೆ ಎಂಟು ವರ್ಷ ಇದ್ದಾಗ ಬೇರೆ ಊರಿನ ಪ್ರಸಂಗಿಯೊಬ್ಬ ಬಂದು ಮಕ್ಕಳನ್ನು ಕೂರಿಸಿಕೊಂಡು ಹೇಳಿದ್ದ, ಒಂದು ದಿನ ನೀವು ಮನೆಗೆ ಬರುವಾಗ ಅಪ್ಪ ಅಮ್ಮ ಇರುವುದಿಲ್ಲ, ಅವರನ್ನು ಕರ್ತನು ಎತ್ತಿಕೊಂಡಿರುತ್ತಾನೆ, ಪಾಪ ಮಾಡಿದ ನೀವು ಮಾತ್ರ ಉಳಿದಿರುತ್ತೀರಿ. ಆ ಮಳೆಗಾಲದಲ್ಲಿ ಒಂದು ಸಂಜೆ ಶಾಲೆಯಿಂದ ಬಂದೆ. ಬಾಗಿಲು ತೆರೆದಿತ್ತು. ಒಲೆಯ ಮೇಲೆ ಗಂಜಿ ಕುದಿದು ಉಕ್ಕುತ್ತಿತ್ತು. ಅಮ್ಮನ ಚಪ್ಪಲಿ ಮೆಟ್ಟಿಲಿನ ಮೇಲೆಯೇ ಇತ್ತು. ಆ ಚಪ್ಪಲಿ ನೋಡಿ ನನಗೆ ಖಾತ್ರಿ ಆಯಿತು, ಯಾಕೆಂದರೆ ಮೇಲೆ ಹೋಗುವವರಿಗೆ ಚಪ್ಪಲಿ ಬೇಡ. ಹಿಂದಿನ ದಿನ ಡಬ್ಬಿಯಿಂದ ಬೆಲ್ಲ ಕದ್ದಿದ್ದೆ, ಅದಕ್ಕೇ ನನ್ನನ್ನು ಬಿಟ್ಟರು. ಅಮ್ಮ ಹಿತ್ತಲಿನ ಚಪ್ಪರದಿಂದ ಬಸಳೆ ಕೊಯ್ದುಕೊಂಡು ಬರುವಾಗ ನಾನು ಅಂಗಳದಲ್ಲಿ ಮಳೆಗೆ ನಿಂತು, ಆಕಾಶ ನೋಡಿ, ನನ್ನನ್ನೂ ಕರ್ಕೊಂಡು ಹೋಗಿ ಅಂತ ಅಳುತ್ತಿದ್ದೆನಂತೆ. ಈ ಕತೆ ಹೇಳಿ ಅಮ್ಮ ಕಡೆವರೆಗೂ ನಗುತ್ತಿದ್ದರು. ನನಗೆ ಇವತ್ತಿಗೂ ನಗು ಬರುವುದಿಲ್ಲ.

ದಸರಾ ರಜೆಗೆ ಮಾಮನ ಮನೆಗೆ ಮೊಮ್ಮಗಳು ಬಂದಿದ್ದಳು, ಐದನೇ ಕ್ಲಾಸು. 23ರ ರಾತ್ರಿ ಅವಳು ಮೂರು ಸಲ ಎದ್ದು ಬಂದು ಅಜ್ಜಿ ಮಂಚದಲ್ಲಿ ಇದ್ದಾರಾ ಅಂತ ಮುಟ್ಟಿ ನೋಡಿದಳಂತೆ. ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಐವತ್ತು ವರ್ಷ ಆಯಿತು, ಇನ್ನೂ ಅದೇ ಹೆದರಿಕೆ ಮಾರುತ್ತಿದ್ದೀರಲ್ಲ? ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ, ದೂತರಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಅಂತ ಮತ್ತಾಯ 24ರಲ್ಲಿ ಯೇಸುವೇ ಹೇಳಿ ಆಗಿದೆ. ನಮ್ಮ ಸಭೆಯ ಅಯ್ಯನವರು, ಅಂದರೆ ಪಾದ್ರಿ, ಪಾಪ ಅದನ್ನೇ ಭಾನುವಾರ ಓದಿ ಕೂತುಕೊಂಡರು. ಯಾರಿಗೆ ಬೇಕು ಅದು? ಕ್ಯಾಲಿಫೋರ್ನಿಯಾದ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದರು, ತಪ್ಪಿತು, ಅಕ್ಟೋಬರ್ 21 ಅಂದರು, ಅದೂ ತಪ್ಪಿತು. ಬೋರ್ಡು ಹಾಕಿಸಲು ಜೀವಮಾನದ ಉಳಿತಾಯ ಕೊಟ್ಟವರು ಇದ್ದರು. ಮರುವರ್ಷ ಕ್ಯಾಂಪಿಂಗ್ ತಪ್ಪಾಯಿತು ಅಂತ ಒಪ್ಪಿಕೊಂಡರು, ಅಷ್ಟು ದೊಡ್ಡ ಮನಸ್ಸಾದರೂ ಇತ್ತು. ನಮ್ಮಲ್ಲಿಯವರಿಗೆ ಅದೂ ಇಲ್ಲ. ಕಾಣಿಕೆಗೆ ಬಳೆ ಬಿಚ್ಚಿ ಕೊಟ್ಟವಳ ಬಳೆ ವಾಪಸು ಬಂದದ್ದನ್ನು ನಾನು ನೋಡಿಲ್ಲ.

24ರ ಬೆಳಿಗ್ಗೆ ಗ್ರೂಪಿನಲ್ಲಿ ಮಾಮನ ಗುಡ್ ಮಾರ್ನಿಂಗ್ ಬಂತು, ಗುಲಾಬಿ ಹೂವಿನ ಚಿತ್ರ. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾವು ಹಳೇ ಜೂಲಿಯನ್ ಕ್ಯಾಲೆಂಡರ್ ನೋಡಬೇಕಿತ್ತಂತೆ, ಅದರ ಪ್ರಕಾರ ಅಕ್ಟೋಬರ್ 6, 7. ಯಾರೂ ಏನೂ ಹೇಳಲಿಲ್ಲ. ಹೊರಗೆ ಬೀದಿಯಲ್ಲಿ ಹುಲಿವೇಷದ ತಾಸೆಯ ಪೆಟ್ಟು ಕೇಳುತ್ತಿತ್ತು.

ಅತ್ತೆಯದ್ದು ಒಂದು ಹೇಳಲೇಬೇಕು. 22ರ ರಾತ್ರಿ, ಅಂದರೆ ಎಲ್ಲರೂ ಮೇಲೆ ಹೋಗುವ ಹಿಂದಿನ ರಾತ್ರಿ, ನನಗೆ ಫೋನ್ ಮಾಡಿ ಮೆಲ್ಲ ಸ್ವರದಲ್ಲಿ, ‘ನೀನು ನಾಡಿದ್ದು ಈ ಕಡೆ ಬರುವಾಗ ಒಂದು ಬಾಟ್ಲಿ ರಮ್ ತಕೊಂಡು ಬಾ ಆಯ್ತಾ’ ಅಂದರು.

‘ಎಂತಕ್ಕೆ ಅತ್ತೆ?’

‘ಕ್ರಿಸ್ಮಸ್ ಕೇಕಿಗೆ ದ್ರಾಕ್ಷಿ ನೆನೆಹಾಕ್ಲಿಕ್ಕೆ ಉಂಟು, ಈಗಲೇ ಹಾಕಿದ್ರೆ ಮೂರು ತಿಂಗಳು ಆಗ್ತದೆ. ಮಾಮನ ಹತ್ರ ಹೇಳ್ಬೇಡ.’