ಎಂ.ಬಿ.ಯಲ್ಲಿ ಇಳಿಜಾರಿಗೆ ಕಾಲಂ ಇಲ್ಲ

ಹೊಸ ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಿ ನೀರಿಗೆ ಪೂರ್ಣ ಸ್ವಾತಂತ್ರ್ಯ. ಮೂಲೆಗೆ ಹೋಗುತ್ತದೆ, ಬಾಗಿಲಿಗೆ ಬರುತ್ತದೆ, ನಿಮ್ಮ ಚಪ್ಪಲಿಯೊಳಗೂ ಇಣುಕುತ್ತದೆ. ನೀರು ಹೊರಹೋಗಲೆಂದೇ ಇಟ್ಟ ಜಾಲರಿಯ ಕಡೆ ಮಾತ್ರ ತಲೆ ಹಾಕುವುದಿಲ್ಲ. ಜಾಲರಿಯೋ, ಬೆಟ್ಟದ ಮೇಲಿನ ಗುಡಿಯಂತೆ ಎತ್ತರದಲ್ಲಿ ಒಣಗಿ ಕೂತಿರುತ್ತದೆ.

ಎಲ್ಲರೂ ಬೈಯುವುದು ಟೈಲ್ಸ್ ಮೇಸ್ತ್ರಿಯನ್ನು. ಪಾಪ, ಲೆಕ್ಕಕ್ಕೆ ಅವನಷ್ಟು ನಿಯತ್ತಿನವನು ಇನ್ನೊಬ್ಬನಿಲ್ಲ. ಕೂಲಿ ಚದರಡಿಗೆ ಇಷ್ಟು ಅಂತ. ಹಾಲ್ ನಡುವೆ ಎರಡಡಿ ಉದ್ದಗಲದ ಟೈಲ್ ಒಂದು ಕೂರಿಸಿದರೆ ನಾಲ್ಕು ಚದರಡಿ. ಕೈ ಪಳಗಿದವನಿಗೆ ಕೆಲವೇ ನಿಮಿಷ. ಬಚ್ಚಲಿನ ಜಾಲರಿಯ ಸುತ್ತ ಅದೇ ನಾಲ್ಕು ಚದರಡಿಗೆ ನಾಲ್ಕೂ ಕಡೆಯಿಂದ ಇಳಿಜಾರು ಬರಬೇಕು. ಟೈಲನ್ನು ಲಕೋಟೆಯ ಬೆನ್ನಿನಂತೆ ಮೂಲೆಯಿಂದ ಮೂಲೆಗೆ ಕೊಯ್ಯಬೇಕು, ನಾಲ್ಕು ತ್ರಿಕೋನಗಳ ತುದಿ ಕತ್ತರಿಸಬೇಕು, ಒಂದೊಂದನ್ನೂ ದಾರ ಹಿಡಿದು ತಗ್ಗಿಸಬೇಕು. ಒಂದು ತುಂಡು ಒಡೆದರೆ ಮತ್ತೆ ಮೊದಲಿನಿಂದ. ಗಂಟೆ ಕಳೆಯಿತು. ದುಡ್ಡು? ನಾಲ್ಕು ಚದರಡಿಯದ್ದೇ.

80 ಅಡಿಗೆ 1 ಅಡಿ ಇಳಿಜಾರು ಎಂದಿಟ್ಟುಕೊಂಡರೂ, ಎಂಟಡಿ ಬಚ್ಚಲಲ್ಲಿ ಬಾಗಿಲಿನಿಂದ ಜಾಲರಿಗೆ ಸುಮಾರು ಒಂದೂಕಾಲು ಇಂಚು ಇಳಿಯಬೇಕು. ಈ ಒಂದೂಕಾಲು ಇಂಚನ್ನು ಯಾವ ಟೇಪೂ ಹಿಡಿಯುವುದಿಲ್ಲ. ಸರ್ಕಾರಿ ಕಾಮಗಾರಿಯ ಎಂ.ಬಿ.ಯಲ್ಲಿ, ಅಂದರೆ ಅಳತೆ ಬರೆದಿಡುವ ಮೆಷರ್‌ಮೆಂಟ್ ಬುಕ್ಕಿನಲ್ಲಿ, ಉದ್ದ, ಅಗಲ, ಆಳ, ಒಟ್ಟು ಎಂದು ಕಾಲಂಗಳಿವೆ. ನೀರು ಯಾವ ಕಡೆ ಓಡಿತು ಎಂದು ಬರೆಯಲು ಜಾಗವಿಲ್ಲ.

ಗೋಡೆಯದು ಇನ್ನೊಂದು ರಾಮಾಯಣ. ವಿಟ್ರಿಫೈಡ್ ಟೈಲ್ ನೀರು ಹೀರುವುದು ಶೇ. 0.5ರೊಳಗೆ, ಹಾಗಾಗಿ ಸಿಮೆಂಟ್ ಹಾಲು ಅದನ್ನು ಹಿಡಿಯುವುದಿಲ್ಲ. ಹಲ್ಲಿನ ಕರಣೆಯಲ್ಲಿ ಅಂಟನ್ನು ಬೆನ್ನಿನ ತುಂಬ ಬಳಿಯಬೇಕು. ಚದರಡಿ ಲೆಕ್ಕದಲ್ಲಿ ಅಷ್ಟು ಪುರುಸೊತ್ತೆಲ್ಲಿ? ಮೂಲೆಗೊಂದು, ನಡುವೆ ಒಂದು, ಒಟ್ಟು ಐದು ಲಡ್ಡು ಇಟ್ಟು ಒತ್ತಿದರೆ ಆಯಿತು. ಬೆರಳಲ್ಲಿ ಕುಟ್ಟಿದರೆ ತಬಲಾ. ಆಮೇಲೆ ವೈಪರ್ ತೂಗುಹಾಕಲು ಡ್ರಿಲ್ ಇಟ್ಟಾಗ, ಲಡ್ಡು ಇಲ್ಲದ ಕಡೆಯೇ ಟೈಲ್ ಬಿರುಕು ಬಿಡುತ್ತದೆ. (ವೈಪರ್ ಬೇಕಾದದ್ದೇ ಇಳಿಜಾರಿಲ್ಲದ್ದಕ್ಕೆ.)

ದಿನಗೂಲಿಗೆ ಕರೆದರೆ ಸರಿಹೋದೀತೇ? ಇಳಿಜಾರು ಬರಬಹುದು, ಮುಂದಿನ ಯುಗಾದಿ ಹೊತ್ತಿಗೆ. ಅದಕ್ಕಿಂತ ಹಾಲ್‌ಗೆ ಚದರಡಿ ಲೆಕ್ಕ ಕೊಟ್ಟು, ಜಾಲರಿಗೆ ಒಂದಕ್ಕಿಷ್ಟು ಎಂದು ಬೇರೆ ಕೂಲಿ ಗೊತ್ತು ಮಾಡುವುದು ಮೇಲು. ಸಂದಿಗೆ ತುಂಬಿದ ಗ್ರೌಟ್ ಒಣಗಿದ ಮೇಲೆ, ಬಿಲ್ ಬರೆಯುವ ಮೊದಲು, ಬಾಗಿಲ ಬಳಿ ಒಂದು ಬಕೆಟ್ ನೀರು ಸುರಿದರೆ ಇಳಿಜಾರು ಇದೆಯೋ ಇಲ್ಲವೋ ಎಂಜಿನಿಯರಿಗೆ ಗೊತ್ತಾಗುತ್ತದೆ.

ಏನು ಮಾಡುವುದು, ಅಳತೆಗೆ ಬರುವ ದಿನ ಕಟ್ಟಡಕ್ಕೆ ಇನ್ನೂ ನೀರಿನ ಕನೆಕ್ಷನ್ನೇ ಬಂದಿರುವುದಿಲ್ಲ.