ಮಕ್ಕಳು ನಮ್ಮನ್ನು ನೋಡುತ್ತಿದ್ದಾರೆ
ಸೌಜನ್ಯವನ್ನು ಶಾಲೆಯಲ್ಲೇ ಕಲಿಸಬೇಕೆಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ್ದಾರೆ. ಒಪ್ಪುತ್ತೇನೆ, ಆದರೆ ಆ ಪಾಠ ಶುರುವಾಗುವುದು ಮನೆಯ ಹೊಸ್ತಿಲಲ್ಲಿ. ಬಿಸಿಲಲ್ಲಿ ಪಾರ್ಸೆಲ್ ಹೊತ್ತು ತಂದ ಹುಡುಗನ ಮುಖವನ್ನೂ ನೋಡದೆ, ಮೊಬೈಲ್ ಕಿವಿಗಿಟ್ಟುಕೊಂಡೇ ಕೈಚಾಚಿ ಬಾಗಿಲು ಹಾಕಿಕೊಳ್ಳುವ ನಮ್ಮನ್ನು ಮಕ್ಕಳು ನೋಡುತ್ತಲೇ ಇರುತ್ತಾರೆ. ಮೇಲಧಿಕಾರಿಗೆ ‘ನೀವು’, ಕಸ ಗುಡಿಸುವವರಿಗೆ ‘ನೀನು’ ಎನ್ನುವ ಲೆಕ್ಕಾಚಾರವನ್ನೂ ನಮ್ಮಿಂದಲೇ ಕಲಿಯುತ್ತಾರೆ. ನನಗೆ ಬಹಳ ನೋವು ಕೊಡುವ ಸಂಗತಿಯಿದು.

ಕಳೆದ ವರ್ಷ ತಂದೆಯವರು ಆಸ್ಪತ್ರೆಯಲ್ಲಿದ್ದಾಗ, ನೆಲ ಒರೆಸುತ್ತಿದ್ದ ಹೆಂಗಸಿನ ಮುಂದೆ ಹಿರಿಯ ವೈದ್ಯರೊಬ್ಬರು ನಿಂತು, ‘ಒದ್ದೆಯಿದೆ, ದಾಟಬಹುದೇನಮ್ಮಾ?’ ಎಂದು ಕೇಳಿದರು. ಆಕೆ ತಟ್ಟನೆ ತಲೆಯೆತ್ತಿ, ಒಣಗಿದ ಜಾಗವನ್ನು ಕೈಯಿಂದ ತೋರಿಸಿದರು. ಆ ಮುಖದಲ್ಲಿ ಮೂಡಿದ ಬೆಳಕು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಮನೆಕೆಲಸಕ್ಕೆ ಬರುವವರನ್ನು ನಾನು ಬಹುವಚನದಲ್ಲೇ ಮಾತನಾಡಿಸುತ್ತೇನೆ. ಹೇಳಿಕೊಡದಿದ್ದರೂ ಮಗಳು ಈಗ ಹಾಗೆಯೇ ಕರೆಯುತ್ತಾಳೆ.